ಹಳೆಯ ಕಾರಿನ ಕೀಲಿ ಮತ್ತು ಬಾಗಿಲಿನ ಬೀಗಗಳನ್ನು ನಾವೇ ಬದಲಿಸಿಕೊಳ್ಳಬಹುದೇ?

ಮಲೆನಾಡ ಸವಾರ (ಸಾಗರ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಊರಿನಲ್ಲೇ 2003ನೇ ಇಸವಿಯ ಮಾರುತಿ 800 ಒಂದನ್ನು ಕೊಂಡೆ. ನಾನು ಅದರ ನಾಲ್ಕನೆಯ ಮಾಲೀಕ. ಎಂಜಿನ್ ಚೆನ್ನಾಗಿದೆ, ತಳದಲ್ಲಿ ತುಕ್ಕು ಹಿಡಿದಿಲ್ಲ, ಆರ್‌ಸಿ ನವೀಕರಣವೂ ಆಗಿದೆ. ತೊಂದರೆ ಇರುವುದು ಕೀಲಿಯಲ್ಲಿ. ಮಾರಿದವರು ಕೊಟ್ಟದ್ದು ಒಂದೇ ಕೀಲಿ, ಅದೂ ಹಲ್ಲುಗಳೆಲ್ಲ ಸವೆದು ನುಣುಪಾದದ್ದು. ಚಾಲಕನ ಬಾಗಿಲಿಗೆ ಹಾಕಿ, ಕೂದಲೆಳೆಯಷ್ಟು ಹೊರಗೆಳೆದು, ಮೇಲಕ್ಕೆತ್ತಿ ಅಲುಗಾಡಿಸಿದರೆ ಮಾತ್ರ ತಿರುಗುತ್ತದೆ. ಎಡಗಡೆಯ ಬಾಗಿಲಿನಲ್ಲಿ ಅದೇ ಕೀಲಿ ಸಲೀಸಾಗಿ ತಿರುಗುತ್ತದೆ, ಆದರೆ ಬೀಗ ತೆರೆಯುವುದೇ ಇಲ್ಲ. ಡಿಕ್ಕಿಗೆ ಬೇರೆಯೇ ಕೀಲಿ. ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸಿದ್ದೆಂದರೆ, ಎಂಜಿನ್ ಓಡುತ್ತಿರುವಾಗಲೇ ಇಗ್ನಿಷನ್‌ನಿಂದ ಕೀಲಿಯನ್ನು ಹೊರಕ್ಕೆ ಎಳೆದುಕೊಳ್ಳಬಹುದು, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ.

ಹಿಂದಿನ ಮೂವರು ಮಾಲೀಕರ ಮನೆಗಳಲ್ಲಿ, ಅವರ ಚಾಲಕರ ಬಳಿ, ಗ್ಯಾರೇಜುಗಳಲ್ಲಿ ಈ ಗಾಡಿಯ ಎಷ್ಟು ಕೀಲಿಗಳು ಉಳಿದಿವೆಯೋ ಹೇಳಬಲ್ಲವರಿಲ್ಲ. ನಮ್ಮ ಮನೆಗೆ ಕಾಂಪೌಂಡ್ ಇಲ್ಲ, ಗಾಡಿ ರಾತ್ರಿ ರಸ್ತೆಯ ಪಕ್ಕದಲ್ಲೇ ನಿಲ್ಲುತ್ತದೆ. ಇಲ್ಲಿನ ಗ್ಯಾರೇಜಿನವರು "ಇಷ್ಟು ಹಳೆಯ ಗಾಡಿಯನ್ನು ಯಾರು ಹೊಡೆದುಕೊಂಡು ಹೋಗುತ್ತಾರೆ, ಹಾಗೇ ಬಿಡಿ" ಎಂದರು. ನನಗೆ ಬಿಡಲು ಮನಸ್ಸಿಲ್ಲ. ಬ್ರೇಕ್ ಶೂ ಬದಲಿಸುವುದು, ದೀಪದ ವೈರಿಂಗ್ ಸರಿಪಡಿಸುವುದು ಇಂಥವನ್ನೆಲ್ಲ ನಾನೇ ಮಾಡಿಕೊಂಡ ಅಭ್ಯಾಸವಿದೆ. ಬೀಗದ ಕೆಲಸವನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದೇ? ಎಲ್ಲಿಂದ ಆರಂಭಿಸಬೇಕು? ಕೀಲಿಯ ಸ್ಥಿತಿ ತಿಳಿಯಲೆಂದು ಅದರ ಎರಡೂ ಬದಿಯ ಚಿತ್ರಗಳನ್ನು ಇಲ್ಲಿ ಹಾಕಿದ್ದೇನೆ.

ನಿರ್ವಾಹಕರು

ತಮ್ಮ ಚಿತ್ರಗಳನ್ನು ತೆಗೆದುಹಾಕಿದ್ದೇವೆ, ದಯವಿಟ್ಟು ತಪ್ಪು ತಿಳಿಯಬೇಡಿ. ಕೀಲಿಯ ಹಲ್ಲುಗಳು ಸ್ಪಷ್ಟವಾಗಿ ಕಾಣುವ ಚಿತ್ರವೊಂದಿದ್ದರೆ ಸಾಕು, ಅಂಥದೇ ಕೀಲಿಯನ್ನು ಕೊರೆಯಲು ಬರುತ್ತದೆ. 2008ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ದೂರದ ಮಹಡಿಯ ಮೇಲಿನಿಂದ ತೆಗೆದ ಚಿತ್ರದ ಆಧಾರದಲ್ಲೇ ಕೀಲಿಯ ಅಳತೆಗಳನ್ನು ಲೆಕ್ಕ ಹಾಕಿ ತೋರಿಸಿದ್ದರು. ಕೀಲಿಯ ಚಿತ್ರವನ್ನಾಗಲಿ, ಕೀಲಿ ಸಂಖ್ಯೆಯನ್ನಾಗಲಿ ಯಾರೂ ಇಲ್ಲಿ ಹಾಕಬಾರದೆಂದು ವಿನಂತಿ.

ಗ್ಯಾರೇಜ್ ಮೇಜು (ಹುಬ್ಬಳ್ಳಿ)

ಸವಾರ ಅವರೇ, ನೀವು ಹೇಳಿದ ನಾಲ್ಕು ತೊಂದರೆಗಳಿಗೂ ಕಾರಣ ಒಂದೇ ಅಲ್ಲ. ಅದನ್ನು ಮೊದಲು ಬಿಡಿಸಿಕೊಂಡರೆ ಹಣವೂ ಉಳಿಯುತ್ತದೆ, ಬಾಗಿಲನ್ನು ಸುಮ್ಮನೆ ಬಿಚ್ಚುವ ಶ್ರಮವೂ ತಪ್ಪುತ್ತದೆ.

ಕಾರಿನ ಬೀಗದ ಬ್ಯಾರಲ್ (ಕೀಲಿ ತೂರಿಸಿ ತಿರುಗಿಸುವ ಉರುಳೆ) ಒಳಗೆ ಸಾಲಾಗಿ ತೆಳುವಾದ ಹಿತ್ತಾಳೆಯ ಪ್ಲೇಟ್‌ಗಳಿರುತ್ತವೆ. ಪ್ರತಿಯೊಂದಕ್ಕೂ ಒಂದೊಂದು ಪುಟ್ಟ ಸ್ಪ್ರಿಂಗ್. ಕೀಲಿ ಇಲ್ಲದಾಗ ಈ ಪ್ಲೇಟ್‌ಗಳ ತುದಿಗಳು ಬ್ಯಾರಲ್‌ನಿಂದ ಹೊರಚಾಚಿ ಹೊರಗಿನ ಕವಚದ ಸೀಳಿನಲ್ಲಿ ಕೂರುತ್ತವೆ, ಆದ್ದರಿಂದ ಬ್ಯಾರಲ್ ತಿರುಗುವುದಿಲ್ಲ. ಸರಿಯಾದ ಕೀಲಿ ಒಳಹೋದಾಗ ಅದರ ಹಲ್ಲುಗಳ ಏರಿಳಿತಕ್ಕೆ ತಕ್ಕಂತೆ ಪ್ರತಿಯೊಂದು ಪ್ಲೇಟೂ ಒಳಸರಿದು ಬ್ಯಾರಲ್‌ನ ಮೈಗೆ ಸಮನಾಗುತ್ತದೆ, ಆಗ ಮಾತ್ರ ತಿರುಗಲು ದಾರಿಯಾಗುತ್ತದೆ. ಇಪ್ಪತ್ತು ವರ್ಷ ಬಳಸಿದ ಮೇಲೆ ಕೀಲಿಯ ಹಲ್ಲು ಸವೆಯುತ್ತದೆ, ಪ್ಲೇಟಿನ ಒಳ ಅಂಚೂ ಸವೆಯುತ್ತದೆ. ಎರಡು ಸವೆತಗಳೂ ಕೂಡಿದಾಗ ನಿಮ್ಮ ಚಾಲಕನ ಬಾಗಿಲಿನಂತೆ ಅಲುಗಾಡಿಸಿ ತೆರೆಯುವ ಸ್ಥಿತಿ ಬರುತ್ತದೆ. ಹಳೆಯ ಕಾರೊಂದರ ಸವೆದ ಕೀಲಿ ಇನ್ನೊಂದು ಹಳೆಯ ಕಾರಿನ ಬಾಗಿಲನ್ನು ತೆರೆದ ಪ್ರಸಂಗಗಳು ನಿಮ್ಮ ಕಿವಿಗೂ ಬಿದ್ದಿರಬಹುದು. ಅದಕ್ಕೂ ಇದೇ ಸವೆತ ಕಾರಣ.

ಎಡಗಡೆಯ ಬಾಗಿಲಿನ ವಿಷಯವೇ ಬೇರೆ. ಅಲ್ಲಿ ಕೀಲಿ ಸಲೀಸಾಗಿ ತಿರುಗುತ್ತಿದೆ ಎಂದರೆ ಬ್ಯಾರಲ್ ಚೆನ್ನಾಗಿಯೇ ಇದೆ ಎಂದರ್ಥ. ಬ್ಯಾರಲ್‌ನ ಬಾಲದಿಂದ ಬಾಗಿಲಿನ ಲಾಚ್‌ಗೆ (ಬಾಗಿಲನ್ನು ಮುಚ್ಚಿ ಹಿಡಿಯುವ ಕೊಕ್ಕೆಯ ಭಾಗಕ್ಕೆ) ಹೋಗುವ ಸಣ್ಣ ಕಂಬಿ ತನ್ನ ಪ್ಲಾಸ್ಟಿಕ್ ಕ್ಲಿಪ್‌ನಿಂದ ಕಳಚಿಕೊಂಡಿರಬೇಕು. ಹೊಸ ಬೀಗ ಕೊಳ್ಳುವ ಮೊದಲು ಅದನ್ನು ನೋಡಿ.

ಕೀಲಿಯ ಬಗ್ಗೆ ಒಂದು ಮುಖ್ಯ ಮಾತು. ಸವೆದ ಕೀಲಿಯನ್ನೇ ಯಂತ್ರಕ್ಕೆ ಕೊಟ್ಟು ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ, ಅದರ ಮೇಲೆ ಯಂತ್ರದ ಸಣ್ಣ ತಪ್ಪೂ ಸೇರುತ್ತದೆ. ಹೊಸ ಗಾಡಿಯ ಜೊತೆ ಬರುವ ಸಣ್ಣ ಬಿಲ್ಲೆಯ ಮೇಲೆ ಕೀಲಿ ಸಂಖ್ಯೆ ಇರುತ್ತದೆ, ಆ ಸಂಖ್ಯೆ ಸಿಕ್ಕರೆ ಕಾರ್ಖಾನೆಯ ಅಳತೆಗೇ ಹೊಸ ಕೀಲಿ ಕೊರೆಸಬಹುದು. ಕೆಲವು ಕಾರುಗಳಲ್ಲಿ ಬೀಗದ ಬ್ಯಾರಲ್‌ನ ಹೊರಮೈ ಮೇಲೂ ಸಂಖ್ಯೆ ಒತ್ತಿರುತ್ತಾರೆ. ಸಂಖ್ಯೆ ಎಲ್ಲಿಯೂ ಸಿಗದಿದ್ದರೆ, ಕಡಿಮೆ ಬಳಕೆಯಾದ ಎಡಬಾಗಿಲಿನ ಬ್ಯಾರಲ್ ಅನ್ನು ಬಿಚ್ಚಿ ಕೀಲಿ ಮಾಡುವವರ ಬಳಿಗೆ ಒಯ್ಯಿರಿ. ಅದರ ಪ್ಲೇಟ್‌ಗಳು ಹೆಚ್ಚು ಸವೆದಿರುವುದಿಲ್ಲವಾದ್ದರಿಂದ ಅವುಗಳ ಅಳತೆಗೆ ಅರದಿಂದ ಉಜ್ಜಿ ಮಾಡಿದ ಕೀಲಿಯೇ ಮೂಲಕ್ಕೆ ಅತ್ಯಂತ ಸಮೀಪದ್ದಾಗಿರುತ್ತದೆ.

ಆದರೆ ನಿಮ್ಮ ಭಯ ಬೇರೆಯವರ ಬಳಿ ಇರಬಹುದಾದ ಕೀಲಿಗಳದ್ದು. ಆ ಭಯಕ್ಕೆ ಹೊಸ ಕೀಲಿ ಪರಿಹಾರವಲ್ಲ, ಬೀಗವನ್ನೇ ಬದಲಿಸಬೇಕು.

ಮಲೆನಾಡ ಸವಾರ (ಸಾಗರ)

ಸರ್, ತುಂಬ ಧನ್ಯವಾದಗಳು. ಬೀಗ ಬದಲಿಸುವುದೆಂದೇ ನಿರ್ಧರಿಸಿದ್ದೇನೆ. ಮುಂದಿನ ವಾರ ಕೆಲಸದ ಮೇಲೆ ಬೆಂಗಳೂರಿಗೆ ಹೋಗುವುದಿದೆ. ಲಾಕ್ ಸೆಟ್ ಕೊಳ್ಳುವಾಗ ಏನನ್ನು ಗಮನಿಸಬೇಕು?

ಬೀಗದಕೈ (ಬೆಂಗಳೂರು)

ನಾನು ಕೀಲಿ ಮಾಡುವ ವೃತ್ತಿಯವನು. ಹೊಸ ಸೆಟ್ ಬೇಕೆಂದರೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ. ಗಾಡಿಯ ಇಸವಿ, ಚಾಸಿ ಸಂಖ್ಯೆ ಹೇಳಿ ಕೇಳಿ, ಏಕೆಂದರೆ ಒಂದೇ ಹೆಸರಿನ ಕಾರಿನಲ್ಲೂ ವರ್ಷದಿಂದ ವರ್ಷಕ್ಕೆ ಇಗ್ನಿಷನ್‌ನ ಹಿಂದಿನ ವೈರ್ ಸಾಕೆಟ್ ಬದಲಾಗಿರುತ್ತದೆ. ಸಾಧ್ಯವಿದ್ದರೆ ಹಳೆಯ ಸಾಕೆಟ್‌ನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಅಂಗಡಿಯಲ್ಲೇ ಪೊಟ್ಟಣ ಬಿಚ್ಚಿಸಿ, ಕೊಟ್ಟ ಎರಡೂ ಕೀಲಿಗಳನ್ನು ಪ್ರತಿಯೊಂದು ಬೀಗಕ್ಕೂ ಹಾಕಿ ತಿರುಗಿಸಿ ನೋಡಿ. ಕೀಲಿಯನ್ನು ಅರ್ಧ ಮಾತ್ರ ಒಳಗೆ ತೂರಿಸಿ ತಿರುಗಿಸಲು ಪ್ರಯತ್ನಿಸಿ. ಆಗಲೂ ತಿರುಗಿದರೆ ಆ ಬೀಗ ಬೇಡ.

ಗುಜರಿಯಲ್ಲಿ ಹಳೆಯ ಸೆಟ್ ಅಗ್ಗಕ್ಕೆ ಸಿಗುತ್ತದೆ ಎಂದು ಅನೇಕರು ಅತ್ತ ಹೋಗುತ್ತಾರೆ. ಕನ್ನಡಿ, ಬಂಪರ್, ಸೀಟು ಇಂಥವನ್ನು ಅಲ್ಲಿ ಕೊಳ್ಳಿ, ಬೀಗ ಬೇಡವೆಂದೇ ನನ್ನ ಸಲಹೆ. ಅದು ಯಾವ ಗಾಡಿಯಿಂದ ಬಂದದ್ದು ಎಂಬುದು ತಿಳಿಯುವುದಿಲ್ಲ, ಅದರ ಕೀಲಿಗಳು ಇನ್ನೆಲ್ಲಿವೆಯೋ ಅದೂ ತಿಳಿಯುವುದಿಲ್ಲ. ಹಾಗಾದರೆ ನೀವು ಬದಲಿಸುವ ಉದ್ದೇಶವೇ ಕೆಟ್ಟಂತಾಗುತ್ತದೆ. ಬಿಲ್ಲನ್ನು ಮರೆಯದೆ ಪಡೆಯಿರಿ.

ತಪ್ಪಲು (ಮೈಸೂರು)

ನಮ್ಮ ತಂದೆಯವರ 800 ಕಾರಿನ ಎರಡೂ ಬಾಗಿಲುಗಳ ಬೀಗಗಳನ್ನು ಹೋದ ವರ್ಷ ನಾನೇ ಬದಲಿಸಿದೆ. ಅಂಗಳದಲ್ಲಿ ಕುಳಿತು ಮಾಡಿದ್ದು, ಮೊದಲ ಬಾಗಿಲಿಗೆ ನಾಲ್ಕು ಗಂಟೆ ಹಿಡಿಯಿತು, ಎರಡನೆಯದಕ್ಕೆ ಒಂದೇ ಗಂಟೆ. ನನಗೆ ತಿಳಿದಷ್ಟನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು ಗಾಜನ್ನು ಪೂರ್ತಿ ಮೇಲಕ್ಕೆ ಏರಿಸಿಡಿ, ಇಲ್ಲವಾದರೆ ಬೀಗದ ಹಿಂದೆ ಕೈ ಹೋಗುವ ಜಾಗದಲ್ಲಿ ಗಾಜು ಅಡ್ಡ ಬರುತ್ತದೆ. ನಂತರ ಗಾಜು ಏರಿಸುವ ಹಿಡಿಯನ್ನು ತೆಗೆಯಬೇಕು. ಅದಕ್ಕೆ ಸ್ಕ್ರೂ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಹಿಡಿಯ ಹಿಂಭಾಗದಲ್ಲಿ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇರುತ್ತದೆ. ಹಿಡಿಗೂ ಅದರ ಹಿಂದಿನ ಪ್ಲಾಸ್ಟಿಕ್ ಬಿಲ್ಲೆಗೂ ನಡುವೆ ಹಳೆಯ ಹತ್ತಿ ಬಟ್ಟೆಯ ಪಟ್ಟಿಯೊಂದನ್ನು ತೂರಿಸಿ, ಎರಡು ತುದಿಗಳನ್ನೂ ಹಿಡಿದು, ಮೊಸರು ಕಡೆಯುವಾಗ ಹಗ್ಗ ಎಳೆಯುವಂತೆ ಆಚೆ ಈಚೆ ಎಳೆದರೆ ಬಟ್ಟೆಯ ಎಳೆಗೆ ಕ್ಲಿಪ್ ಸಿಕ್ಕಿಕೊಂಡು ಚಿಮ್ಮಿ ಹೊರಬರುತ್ತದೆ. ಚಿಮ್ಮುವಾಗ ಇನ್ನೊಂದು ಕೈಯನ್ನು ಅಡ್ಡ ಹಿಡಿಯಿರಿ. ನನ್ನದು ಚಿಮ್ಮಿ ಗುಲಾಬಿ ಕುಂಡದೊಳಗೆ ಬಿದ್ದು, ಹುಡುಕಲು ಅರ್ಧ ಗಂಟೆಯಾಯಿತು.

ಆಮೇಲೆ ಕೈಯೂರುವ ಪಟ್ಟಿಯ ಸ್ಕ್ರೂಗಳು, ಒಳಗಿನ ಹ್ಯಾಂಡಲ್‌ನ ಸುತ್ತಲಿನ ಚೌಕಟ್ಟಿನ ಸ್ಕ್ರೂ. ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಮೈಯ ಹಲಗೆ, ಉಳಿದಂತೆ ಪ್ಲಾಸ್ಟಿಕ್ ಕ್ಲಿಪ್‌ಗಳ ಮೇಲೆ ನಿಂತಿರುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಹಳೆಯ ಪ್ಯಾಡ್‌ನ ಅಂಚು ಮುರಿಯುತ್ತದೆ. ನಾನು ಮರದ ಅಡಿಗೆ ಸೌಟಿನ ಚಪ್ಪಟೆ ಹಿಡಿಯನ್ನು ಒಂದೊಂದು ಕ್ಲಿಪ್‌ನ ಪಕ್ಕಕ್ಕೇ ತೂರಿಸಿ ಮೆಲ್ಲಗೆ ಎತ್ತಿದೆ. ಹೇಗೂ ಎರಡು ಮೂರು ಕ್ಲಿಪ್ ಮುರಿಯುತ್ತವೆ, ಲಾಕ್ ಸೆಟ್ ಕೊಳ್ಳುವಾಗಲೇ ಹತ್ತು ಕ್ಲಿಪ್‌ಗಳನ್ನೂ ತೆಗೆದುಕೊಂಡು ಬನ್ನಿ.

ಪ್ಯಾಡ್‌ನ ಹಿಂದೆ ಬಾಗಿಲಿನ ತಗಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದನ್ನು ಹರಿದು ಬಿಸಾಡಬೇಡಿ. ಮಳೆನೀರು ಗಾಜಿನ ಮೇಲಿಂದ ಇಳಿದು ಬಾಗಿಲಿನ ಒಳಗೇ ಹರಿಯುತ್ತದೆ. ಆ ನೀರು ಕಾರಿನ ಒಳಕ್ಕೆ ಬಾರದಂತೆ ತಳದ ರಂಧ್ರಗಳತ್ತ ಇಳಿಸುವುದು ಈ ಹಾಳೆಯೇ. ಸಾಗರದಂಥ ಮಳೆಯ ಊರಿನಲ್ಲಿ ಅದಿಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಪ್ಯಾಡ್ ಉಬ್ಬಿ, ನೆಲದ ಮ್ಯಾಟ್ ಒದ್ದೆಯಾಗಿ ತಗಡಿಗೆ ತುಕ್ಕು ಹಿಡಿಯುತ್ತದೆ.

ಹಾಳೆಯನ್ನು ಮೇಲಿನ ಮೂಲೆಯಿಂದ ಅರ್ಧದಷ್ಟು ಬಿಡಿಸಿದರೆ ಸಾಕು, ಬೀಗದ ಹಿಂಭಾಗ ಕೈಗೆ ಸಿಗುತ್ತದೆ. ತಗಡಿನ ಅಂಚುಗಳು ಬ್ಲೇಡಿನಷ್ಟು ಹರಿತ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಬ್ಯಾರಲ್‌ನ ಬಾಲಕ್ಕೆ ಸಿಕ್ಕಿಸಿದ ಕಂಬಿಯ ಪ್ಲಾಸ್ಟಿಕ್ ಕ್ಲಿಪ್ ಅನ್ನು ತಿರುಗಿಸಿ ಕಂಬಿಯನ್ನು ಬಿಡಿಸಿ. ಬ್ಯಾರಲ್ ಅನ್ನು ಬಾಗಿಲಿಗೆ ಹಿಡಿದಿಟ್ಟಿರುವುದು ಯು ಆಕಾರದ ಒಂದು ಸ್ಪ್ರಿಂಗ್ ತಗಡು ಮಾತ್ರ. ಅದನ್ನು ಇಕ್ಕಳದಿಂದ ಹಿಡಿದು ಪಕ್ಕಕ್ಕೆ ಎಳೆದರೆ ಬ್ಯಾರಲ್ ಹೊರಗಿನಿಂದ ಕೈಗೆ ಬರುತ್ತದೆ. ಆ ತಗಡು ಬಾಗಿಲಿನ ತಳಕ್ಕೆ ಬಿದ್ದರೆ ದಾರಕ್ಕೆ ಅಯಸ್ಕಾಂತ ಕಟ್ಟಿ ಇಳಿಬಿಟ್ಟು ತೆಗೆಯಬಹುದು. ಹೊಸ ಬ್ಯಾರಲ್ ಹಾಕುವಾಗ ಅದರ ಹೊರಗಿನ ರಬ್ಬರ್ ವಾಷರ್ ಮರೆಯಬೇಡಿ, ಬಾಲದ ದಿಕ್ಕು ಹಳೆಯದರಂತೆಯೇ ಇರಲಿ.

ಇನ್ನು ನಾನು ಮಾಡಿ ಕಲಿತ ಅತಿ ಮುಖ್ಯವಾದ ವಿಷಯ. ಎಲ್ಲವನ್ನೂ ಜೋಡಿಸಿದ ಮೇಲೆ ಬಾಗಿಲನ್ನು ಮುಚ್ಚಿ ಪರೀಕ್ಷಿಸಬೇಡಿ. ಬಾಗಿಲು ತೆರೆದೇ ಇರಲಿ; ಅಂಚಿನಲ್ಲಿ ಕಾಣುವ ಲಾಚ್‌ನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ, ಬಾಗಿಲು ಮುಚ್ಚಿದಾಗ ಅದು ಇರುವ ಸ್ಥಿತಿಗೆ ತನ್ನಿ. ಆಮೇಲೆ ಕೀಲಿಯಿಂದ ಬೀಗ ಹಾಕಿ, ತೆಗೆದು, ಹೊರಗಿನ ಹ್ಯಾಂಡಲ್ ಎತ್ತಿ ಕೊಕ್ಕೆ ಬಿಡುತ್ತದೆಯೇ ನೋಡಿ. ಹತ್ತು ಸಲ ಹೀಗೆ ಮಾಡಿ ಸರಿಯಾಗಿದ್ದರೆ ಮಾತ್ರ ಬಾಗಿಲು ಮುಚ್ಚಿ. ಕಂಬಿ ತಪ್ಪಾಗಿ ಸಿಕ್ಕಿಸಿ ಬಾಗಿಲು ಮುಚ್ಚಿದರೆ, ಮುಚ್ಚಿದ ಬಾಗಿಲಿನ ಪ್ಯಾಡ್ ಬಿಚ್ಚುವುದು ಬಹಳ ಕಷ್ಟದ ಕೆಲಸ.

ಗ್ಯಾರೇಜ್ ಮೇಜು (ಹುಬ್ಬಳ್ಳಿ)

ಮೇಡಂ ಬರೆದದ್ದರಲ್ಲಿ ತಿದ್ದುವಂಥದ್ದೇನೂ ಇಲ್ಲ. ಕೊನೆಯ ಪರೀಕ್ಷೆಯ ಮಾತನ್ನು ನನ್ನ ಗ್ಯಾರೇಜಿನ ಹುಡುಗರಿಗೂ ಓದಿ ಹೇಳಿದೆ.

ಬಾಗಿಲು ಮನೆಯ ಕೆಲಸ, ಒಪ್ಪುತ್ತೇನೆ. ಇಗ್ನಿಷನ್ ಬೀಗವನ್ನು ಮಾತ್ರ ಬೇರೆಯಾಗಿಯೇ ನೋಡಬೇಕು. ಅದು ಸ್ಟೇರಿಂಗ್ ಕಂಬಕ್ಕೆ ಎರಡು ವಿಶೇಷ ಬೋಲ್ಟ್‌ಗಳಿಂದ ಕೂತಿರುತ್ತದೆ. ಕಾರ್ಖಾನೆಯಲ್ಲಿ ಬಿಗಿಯುವಾಗಲೇ ಆ ಬೋಲ್ಟ್‌ಗಳ ತಲೆ ಮುರಿದು ಬೀಳುತ್ತದೆ, ಕಳ್ಳನಿಗೆ ಸ್ಪ್ಯಾನರ್ ಹಾಕಲು ಏನೂ ಉಳಿಯಬಾರದೆಂಬ ಉದ್ದೇಶದಿಂದ ಹಾಗೆ ಮಾಡಿರುತ್ತಾರೆ. ಅವನ್ನು ತೆಗೆಯಬೇಕಾದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಸ್ಟೇರಿಂಗ್ ಕಂಬದ ಕವಚ ತೆಗೆದು, ಉಳಿದ ಬೋಲ್ಟಿನ ಅಂಚಿಗೆ ಸಣ್ಣ ಉಳಿ ಇಟ್ಟು ಎಡಕ್ಕೆ ತಿರುಗುವಂತೆ ಮೆಲ್ಲಗೆ ಬಡಿಯಬೇಕು. ಅದಕ್ಕೂ ಜಗ್ಗದಿದ್ದರೆ ಮಧ್ಯಕ್ಕೆ ರಂಧ್ರ ಕೊರೆಯಬೇಕು. ಜೋರಾಗಿ ಬಡಿದರೆ ಸ್ಟೇರಿಂಗ್ ಕಂಬಕ್ಕೇ ಪೆಟ್ಟಾಗುತ್ತದೆ. ಹೊಸ ಬೀಗವನ್ನು ಹಾಕಿದ ಮೇಲೆ ಹೊಸ ಬೋಲ್ಟ್‌ಗಳ ತಲೆ ಮುರಿಯುವವರೆಗೂ ಬಿಗಿಯಬೇಕು, ಅವುಗಳ ಬದಲು ಸಾಮಾನ್ಯ ಬೋಲ್ಟ್ ಹಾಕುವುದು ತಪ್ಪು.

ನನಗೆ ಹೆಚ್ಚಿನ ಚಿಂತೆ ಇರುವುದು ಕಳ್ಳತನದ ಬಗ್ಗೆ ಅಲ್ಲ. ಇದೇ ಬೀಗದಿಂದ ಒಂದು ಉಕ್ಕಿನ ಗೂಟ ಹೊರಬಂದು ಸ್ಟೇರಿಂಗ್ ಅನ್ನು ಹಿಡಿದು ನಿಲ್ಲಿಸುತ್ತದೆ. ಬೀಗ ಓರೆಯಾಗಿ ಕೂತು ಗೂಟ ಪೂರ್ತಿ ಹಿಂದೆ ಸರಿಯದೆ ಇದ್ದರೆ, ಗಾಡಿ ಓಡುತ್ತಿರುವಾಗ ತಿರುವಿನಲ್ಲಿ ಸ್ಟೇರಿಂಗ್ ಬಿಗಿದುಕೊಳ್ಳಬಹುದು. ಆದ್ದರಿಂದ ಬೋಲ್ಟ್‌ಗಳ ತಲೆ ಮುರಿಯುವ ಮೊದಲೇ ಕೀಲಿಯನ್ನು ಆನ್ ಮಾಡಿ ಸ್ಟೇರಿಂಗ್ ಅನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ಹಲವು ಸಲ ತಿರುಗಿಸಿ, ಎಲ್ಲಿಯೂ ತಗಲುವುದಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಸವಾರ ಅವರ ಗಾಡಿಯಲ್ಲಿ ಓಡುವಾಗಲೇ ಕೀಲಿ ಹೊರಬರುತ್ತಿರುವುದರಿಂದ ಅದು ಬದಲಾಗುವವರೆಗೆ ಕೀಲಿಗೆ ಭಾರದ ಗೊಂಚಲು ತೂಗುಹಾಕಬೇಡಿ.

ಇನ್ನೂ ಒಂದು. ಏರ್‌ಬ್ಯಾಗ್ ಇರುವ ಗಾಡಿಯವರು ಈ ಬರಹ ನೋಡಿ ಸ್ಟೇರಿಂಗ್ ಕಂಬಕ್ಕೆ ಕೈಹಾಕಬೇಡಿ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲೂ ಅದು ಇದೆ.

ತುಂಗಾತೀರ (ಶಿವಮೊಗ್ಗ)

ಇದಕ್ಕೆ ಹೊಂದಿಕೊಂಡ ಪ್ರಶ್ನೆ, ಬೇರೆ ಚರ್ಚೆ ತೆರೆಯುವುದು ಬೇಡವೆಂದು ಇಲ್ಲೇ ಕೇಳುತ್ತಿದ್ದೇನೆ. ನಮ್ಮದು 2014ರ ಸ್ವಿಫ್ಟ್. ಎರಡು ಕೀಲಿಗಳಲ್ಲಿ ಒಂದು ಬಸ್‌ನಲ್ಲಿ ಕಳೆದುಹೋಯಿತು. ಅದರ ಗೊಂಚಲಿನಲ್ಲಿ ನಮ್ಮ ವಿಳಾಸವಿದ್ದ ಚೀಟಿಯೂ ಇತ್ತು. ರಸ್ತೆ ಬದಿಯಲ್ಲಿ ಕೊರೆಸಿದ ನಕಲು ಕೀಲಿ ಬಾಗಿಲು ತೆರೆಯುತ್ತದೆ, ಆದರೆ ಎಂಜಿನ್ ಚಾಲೂ ಆಗುವುದಿಲ್ಲ. ನಾವೂ ಎಲ್ಲ ಬೀಗಗಳನ್ನೂ ಬದಲಿಸಬೇಕೇ?

ಬೀಗದಕೈ (ಬೆಂಗಳೂರು)

ಎಲ್ಲವನ್ನೂ ಬದಲಿಸಬೇಕಾಗಿಲ್ಲ, ಆದರೆ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮದರಂತೆ ಚಿಪ್ ಇರುವ ಕೀಲಿ ಎಂದರೆ ಒಂದೇ ವಸ್ತುವಿನಲ್ಲಿ ಅಡಗಿರುವ ಎರಡು ಅಥವಾ ಮೂರು ಬೇರೆ ಬೇರೆ ಕೀಲಿಗಳು.

ಮೊದಲನೆಯದು ಲೋಹದ ಅಲಗು, ಬಾಗಿಲಿನ ಬ್ಯಾರಲ್ ಅನ್ನೂ ಇಗ್ನಿಷನ್ ಬ್ಯಾರಲ್ ಅನ್ನೂ ತಿರುಗಿಸುವುದು ಅದು. ಎರಡನೆಯದು ಕೀಲಿಯ ತಲೆಯಲ್ಲಿರುವ ಚಿಪ್. ಅದಕ್ಕೆ ಬ್ಯಾಟರಿ ಬೇಕಿಲ್ಲ. ಇಗ್ನಿಷನ್ ಬೀಗದ ಬಾಯಿಯ ಸುತ್ತ ಬಳೆಯಂಥ ಒಂದು ಸುರುಳಿ ಇರುತ್ತದೆ. ಕೀಲಿ ಆನ್ ಮಾಡಿದಾಗ ಅದು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ತರಂಗ ಹೊರಡಿಸುತ್ತದೆ, ಆ ತರಂಗದ ಶಕ್ತಿಯಿಂದಲೇ ಚಿಪ್ ಎಚ್ಚರಗೊಂಡು ತನ್ನ ಗುರುತನ್ನು ತಿಳಿಸುತ್ತದೆ. ಗಾಡಿಯ ನೆನಪಿನಲ್ಲಿರುವ ಗುರುತಿಗೆ ಅದು ಹೊಂದಿದರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ. ಮೂರನೆಯದು ಗುಂಡಿ ಒತ್ತಿ ಬಾಗಿಲು ತೆರೆಯುವ ರಿಮೋಟ್. ಅದರದು ಬೇರೆಯೇ ತರಂಗ, ಅದಕ್ಕೆ ಮಾತ್ರ ಸೆಲ್ ಬೇಕು. ರಿಮೋಟ್‌ನ ಸೆಲ್ ಸತ್ತರೆ ಎಂಜಿನ್ ಚಾಲೂ ಆಗುವುದಿಲ್ಲ ಎಂದು ತಿಳಿದವರಿದ್ದಾರೆ. ಅಲಗನ್ನು ತೂರಿಸಿ ತಿರುಗಿಸುವ ಕೀಲಿಗಳಲ್ಲಿ ಹಾಗೇನಿಲ್ಲ.

ನಿಮಗೆ ಕೊರೆದುಕೊಟ್ಟದ್ದು ಲೋಹದ ಅಲಗು ಮಾತ್ರ. ನೀವು ಮಾಡಬೇಕಾದದ್ದು ಹೀಗಿದೆ: ಚಿಪ್ ಇರುವ ಹೊಸ ಕೀಲಿಯನ್ನು ಗಾಡಿಯ ನೆನಪಿಗೆ ಸೇರಿಸಬೇಕು, ಅದೇ ಹೊತ್ತಿನಲ್ಲಿ ಕಳೆದುಹೋದ ಕೀಲಿಯ ಗುರುತನ್ನು ಅಳಿಸಿಹಾಕಿಸಬೇಕು. ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್‌ಗೆ ಉಪಕರಣ ಜೋಡಿಸಿ ಮಾಡುವ ಕೆಲಸ ಇದು, ಮನೆಯಲ್ಲಿ ಆಗುವಂಥದ್ದಲ್ಲ. ಹೋಗುವಾಗ ಉಳಿದಿರುವ ಕೀಲಿಯನ್ನೂ ಒಯ್ಯಲೇಬೇಕು, ಏಕೆಂದರೆ ಹಳೆಯ ಗುರುತುಗಳನ್ನು ಅಳಿಸಿದ ಮೇಲೆ ಅದನ್ನೂ ಮತ್ತೆ ಸೇರಿಸಬೇಕಾಗುತ್ತದೆ. ಆಮೇಲೆ ಕಳೆದ ಕೀಲಿ ಯಾರಿಗೆ ಸಿಕ್ಕರೂ ಅದರಿಂದ ಎಂಜಿನ್ ಚಾಲೂ ಆಗುವುದಿಲ್ಲ. ಆದರೆ ಅದರ ಲೋಹದ ಅಲಗು ನಿಮ್ಮ ಬಾಗಿಲನ್ನು ತೆರೆಯುವುದನ್ನು ಯಾವ ಉಪಕರಣವೂ ತಡೆಯಲಾರದು. ವಿಳಾಸದ ಚೀಟಿಯೂ ಜೊತೆಗಿತ್ತು ಎನ್ನುತ್ತೀರಿ, ಆದ್ದರಿಂದ ಹೊರಗಿನಿಂದ ಕೀಲಿ ಹಾಕುವ ಬಾಗಿಲಿನ ಬ್ಯಾರಲ್ ಅನ್ನಾದರೂ ಬದಲಿಸಿಕೊಳ್ಳಿ. ಇಗ್ನಿಷನ್ ಬೀಗ ಹಾಗೇ ಇರಲಿ.

ಚಿಪ್ ಅನ್ನು ಕೀಲಿಯಿಂದ ತೆಗೆದು ಇಗ್ನಿಷನ್‌ನ ಸುರುಳಿಯ ಹತ್ತಿರವೇ ಅಂಟಿಸಿ, ಆಮೇಲೆ ಸಾಮಾನ್ಯ ಕೀಲಿಯಲ್ಲೇ ಗಾಡಿ ಓಡಿಸುವ ಉಪಾಯವನ್ನು ಯಾರಾದರೂ ನಿಮಗೆ ಹೇಳಬಹುದು. ಒಪ್ಪಬೇಡಿ. ಮನೆಗೆ ಗಟ್ಟಿ ಬೀಗ ಹಾಕಿ ಅದರ ಕೀಲಿಯನ್ನು ಬಾಗಿಲಿಗೇ ನೇತುಹಾಕಿದಂತಾಗುತ್ತದೆ.

ನೀವೇ ಮಾಡಿಕೊಳ್ಳಬಹುದಾದ ಒಂದು ಕೆಲಸವೂ ಇದೆ. ಕೀಲಿಯ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸ ಕವಚ ತಂದು ಒಳಗಿನದನ್ನು ಅದಕ್ಕೆ ಸಾಗಿಸಬಹುದು. ಹಾಗೆ ಮಾಡುವಾಗ ಹಳೆಯ ಕವಚದ ಮೂಲೆಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕಪ್ಪು ತುಣುಕೊಂದು ಅಂಟಿಕೊಂಡಿರುತ್ತದೆ, ಅದೇ ಚಿಪ್. ರಿಮೋಟ್‌ನ ಹಸಿರು ಫಲಕವನ್ನಷ್ಟೇ ಹೊಸ ಕವಚಕ್ಕೆ ಹಾಕಿ, ಈ ತುಣುಕಿರುವ ಹಳೆಯ ಕವಚವನ್ನು ಕಸಕ್ಕೆ ಎಸೆದು, ಮರುದಿನ ಗಾಡಿ ಚಾಲೂ ಆಗದೆ ನನ್ನ ಬಳಿಗೆ ಬಂದವರು ಅನೇಕರು. ಸೆಲ್ ಕೊಳ್ಳುವಾಗ ಹಳೆಯದರ ಮೇಲಿನ ಸಂಖ್ಯೆ ನೋಡಿಕೊಳ್ಳಿ. 2032 ಎಂದಿದ್ದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂದರ್ಥ, 2025 ಅದರ ಜಾಗದಲ್ಲಿ ಸಡಿಲವಾಗುತ್ತದೆ.

ಹೊರನಾಡ ಕನ್ನಡಿಗ (ಮಿಷಿಗನ್)

ಚಿಪ್ ಏಕೆ ಬೇಕು ಎಂಬುದಕ್ಕೆ ಇಲ್ಲಿನ ಉದಾಹರಣೆಯೊಂದಿದೆ. ಯುರೋಪಿನಲ್ಲಿ 1998ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಸರಿಯಾದ ಚಿಪ್ ಇಲ್ಲದೆ ಎಂಜಿನ್ ಚಾಲೂ ಆಗದಂಥ ಈ ವ್ಯವಸ್ಥೆ ಕಡ್ಡಾಯ. ಅಮೆರಿಕದಲ್ಲಿ ಅಂಥ ನಿಯಮವಿರಲಿಲ್ಲ. ಚಿಪ್ ಇಲ್ಲದ ಕೆಲವು ಮಾದರಿಗಳನ್ನು ಕದಿಯುವ ವಿಧಾನವು ವಿಡಿಯೊಗಳ ಮೂಲಕ ಹರಡಿ ಕಳ್ಳತನ ಹೆಚ್ಚಿದಾಗ, 2023ರ ಫೆಬ್ರವರಿಯಲ್ಲಿ ಸುಮಾರು 83 ಲಕ್ಷ ವಾಹನಗಳಿಗೆ ಉಚಿತ ಸಾಫ್ಟ್‌ವೇರ್ ಬದಲಾವಣೆ ಘೋಷಣೆಯಾಯಿತು. ಇಗ್ನಿಷನ್‌ನಲ್ಲಿ ಕೀಲಿ ಇದ್ದರೆ ಮಾತ್ರ ಗಾಡಿ ಚಾಲೂ ಆಗುವಂತೆ, ಅಲಾರಂ 30 ಸೆಕೆಂಡಿನ ಬದಲು ಒಂದು ನಿಮಿಷ ಕೂಗುವಂತೆ ಮಾಡಲಾಯಿತು. ಬ್ಯಾರಲ್ ಎಷ್ಟೇ ಗಟ್ಟಿಯಿದ್ದರೂ ಅದೊಂದನ್ನೇ ನಂಬಬಾರದು ಎಂದು ಸವಾರ ಅವರಿಗೆ ತಿಳಿಸಬಯಸುತ್ತೇನೆ. ಸ್ಟೇರಿಂಗ್‌ಗೆ ಹೊರಗಿನಿಂದ ಹಾಕುವ ಕಂಬಿಬೀಗವನ್ನೂ ಬಳಸಿ.

ವಿಮೆಯ ಮಾತು (ದಾವಣಗೆರೆ)

ಶಿವಮೊಗ್ಗದವರು ಮೊದಲು ಕೀಲಿ ಕಳೆದದ್ದನ್ನು ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಾಗಲಿ ಠಾಣೆಯಲ್ಲಾಗಲಿ ದಾಖಲಿಸಿ, ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ. ಗಾಡಿ ಕಳುವಾಗಿ ಪರಿಹಾರ ಕೇಳಿದಾಗ ವಿಮೆಯವರು ಗಾಡಿಯ ಎಲ್ಲ ಕೀಲಿಗಳನ್ನೂ ಒಪ್ಪಿಸಲು ಹೇಳುತ್ತಾರೆ. ಒಂದು ಕೀಲಿ ಕಡಿಮೆಯಿದ್ದು ಅದಕ್ಕೆ ದಾಖಲೆಯೂ ಇಲ್ಲದಿದ್ದರೆ ಪರಿಹಾರ ಸಿಗುವುದು ತಡವಾಗುತ್ತದೆ, ಕೆಲವೊಮ್ಮೆ ತಿರಸ್ಕೃತವೂ ಆಗುತ್ತದೆ. ಕೀಲಿ ಬದಲಾವಣೆಯ ಖರ್ಚು ಭರಿಸುವ ಹೆಚ್ಚುವರಿ ರಕ್ಷಣೆ ನಿಮ್ಮ ಪಾಲಿಸಿಯಲ್ಲಿದೆಯೇ ನೋಡಿ.

ಸವಾರ ಅವರಿಗೆ ಒಂದು ಪ್ರಶ್ನೆ: ತಮ್ಮದು ಥರ್ಡ್ ಪಾರ್ಟಿ ವಿಮೆ ಮಾತ್ರವೇ? ಹಾಗಿದ್ದರೆ ಕಳ್ಳತನಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. ಹಳೆಯ ಗಾಡಿಗೆ ಬೀಗ ಏಕೆ ಎಂದವರಿಗೆ ಇದನ್ನು ಹೇಳಿ.

ಕಡಲ ಗಾಳಿ (ಮಂಗಳೂರು)

ಹೊಸ ಬೀಗ ಹಾಕಿದ ಮೇಲೆ ಅದನ್ನು ಕಾಪಾಡಿಕೊಳ್ಳುವ ಬಗ್ಗೆ ಯಾರೂ ಬರೆದಿಲ್ಲ. ಬೀಗ ಬಿಗಿಯಾಯಿತೆಂದು ನಮ್ಮ ಕಡೆ ಕೊಬ್ಬರಿ ಎಣ್ಣೆ ಬಿಡುವವರೇ ಹೆಚ್ಚು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಚಳಿಗಾಲದ ಬೆಳಗ್ಗೆ ಬೀಗದೊಳಗೆ ಮೇಣದಂತಾಗುತ್ತದೆ, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಎಣ್ಣೆಯೂ ಬೇಡ. ಗ್ರಾಫೈಟ್ ಪುಡಿ ಸಿಗದಿದ್ದರೆ ಮೆತ್ತನೆಯ ಪೆನ್ಸಿಲ್ ಅನ್ನು ಕೀಲಿಯ ಹಲ್ಲುಗಳ ಮೇಲೆ ಕಪ್ಪಾಗುವಂತೆ ತಿಕ್ಕಿ, ಬೀಗಕ್ಕೆ ಐದಾರು ಸಲ ಹಾಕಿ ತೆಗೆಯಿರಿ. ಎಡಬಾಗಿಲಿನ ಬೀಗವನ್ನೂ ತಿಂಗಳಿಗೊಮ್ಮೆ ಕೀಲಿಯಿಂದಲೇ ತೆರೆಯಿರಿ, ಬಳಸದ ಬೀಗ ಉಪ್ಪುಗಾಳಿಗೆ ಬೇಗ ಕಚ್ಚಿಕೊಳ್ಳುತ್ತದೆ.

ಮಲೆನಾಡ ಸವಾರ (ಸಾಗರ)

ಎರಡು ಭಾನುವಾರಗಳ ನಂತರ ಬರೆಯುತ್ತಿದ್ದೇನೆ. ವಿಮೆ ಥರ್ಡ್ ಪಾರ್ಟಿ ಮಾತ್ರ, ದಾವಣಗೆರೆಯವರು ಹೇಳಿದ್ದು ಸರಿ.

ಎಡಬಾಗಿಲನ್ನು ಮೊದಲು ಬಿಚ್ಚಿದೆ. ಹುಬ್ಬಳ್ಳಿಯ ಸರ್ ಹೇಳಿದಂತೆಯೇ ಕಂಬಿ ಕಳಚಿ ಬಾಗಿಲಿನೊಳಗೆ ಜೋತುಬಿದ್ದಿತ್ತು, ಅದರ ಕ್ಲಿಪ್ ಒಣಗಿ ಎರಡು ತುಂಡಾಗಿತ್ತು. ಹೇಗೂ ಬಿಚ್ಚಿದ್ದರಿಂದ ಹೊಸ ಬ್ಯಾರಲ್ ಹಾಕಿ, ಹೊಸ ಕ್ಲಿಪ್ ಸಿಕ್ಕಿಸಿದೆ. ಚಾಲಕನ ಬಾಗಿಲಿನ ಹಳೆಯ ಬ್ಯಾರಲ್ ಅನ್ನು ಬಿಚ್ಚಿ ನೋಡಿದಾಗ ಒಳಗಿನ ಎರಡು ಪ್ಲೇಟ್‌ಗಳಿಗೆ ಸ್ಪ್ರಿಂಗೇ ಇರಲಿಲ್ಲ. ಯಾರೋ ಹಿಂದೆ ಬೀಗ ಸಲೀಸಾಗಲೆಂದು ತೆಗೆದುಹಾಕಿರಬೇಕು. ಇಷ್ಟು ದಿನ ಆ ಬಾಗಿಲಿಗೆ ಯಾವ ಕೀಲಿ ಹಾಕಿದ್ದರೂ ತಿರುಗುತ್ತಿತ್ತೋ ಏನೋ ಎಂದು ನೆನೆದು ಮೈ ಜುಮ್ಮೆಂದಿತು. ತೆರೆದ ಬಾಗಿಲಿನಲ್ಲಿ ಕೊಕ್ಕೆ ಒತ್ತಿ ಪರೀಕ್ಷಿಸುವ ಮೇಡಂ ಅವರ ಸಲಹೆಯೇ ನನ್ನನ್ನು ಉಳಿಸಿತು. ಚಾಲಕನ ಬಾಗಿಲಿನಲ್ಲಿ ಬಾಲವನ್ನು ತಿರುವುಮುರುವಾಗಿ ಹಾಕಿದ್ದೆ, ಬೀಗ ಹಾಕಿದರೆ ತೆರೆಯುತ್ತಿತ್ತು, ತೆರೆದರೆ ಹಾಕಿಕೊಳ್ಳುತ್ತಿತ್ತು.

ಇಗ್ನಿಷನ್ ಕೆಲಸಕ್ಕೆ ನಾನು ಕೈಹಾಕಲಿಲ್ಲ. ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಮಾಡಿಸಿದೆ, ಬೋಲ್ಟ್ ಬಿಗಿಯುವ ಮೊದಲು ಸ್ಟೇರಿಂಗ್ ಅನ್ನು ಕೊನೆಯಿಂದ ಕೊನೆಯವರೆಗೆ ನಾನೇ ತಿರುಗಿಸಿ ನೋಡಿದೆ. ಈಗ ಎಂಜಿನ್ ಓಡುವಾಗ ಕೀಲಿ ಹೊರಬರುವುದಿಲ್ಲ. ಎರಡನೆಯ ಕೀಲಿಯನ್ನು ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಬಿಲ್ ಮತ್ತು ಸಂಖ್ಯೆಯ ಬಿಲ್ಲೆಯೂ ಅಲ್ಲೇ ಇವೆ.

ಉಳಿದದ್ದು ಡಿಕ್ಕಿ ಒಂದೇ. ಸೆಟ್‌ನಲ್ಲಿ ಅದರ ಬೀಗ ಇರಲಿಲ್ಲ. ಹಳೆಯ ಬೀಗದ ಪ್ಲೇಟ್‌ಗಳನ್ನು ಹೊರತೆಗೆದು, ಹೊಸ ಕೀಲಿಯನ್ನು ತೂರಿಸಿ, ಬ್ಯಾರಲ್‌ನ ಮೈಗೆ ಸಮನಾಗುವಂತೆ ಒಂದೊಂದನ್ನೇ ಹೊಂದಿಸುತ್ತಾ ಬಂದೆ. ಚಾಲಕನ ಹಳೆಯ ಬ್ಯಾರಲ್‌ನಿಂದ ತೆಗೆದ ಪ್ಲೇಟ್‌ಗಳೂ ಉಪಯೋಗಕ್ಕೆ ಬಂದವು. ಎಲ್ಲವೂ ಕೂತಿವೆ, ಅಳತೆಯ ಗುರುತಾಗಿ 3 ಎಂದು ಒತ್ತಿರುವ ಒಂದು ಪ್ಲೇಟ್ ಮಾತ್ರ ಕಡಿಮೆ ಬಿದ್ದಿದೆ. ಅದು ಬಿಡಿಯಾಗಿ ಎಲ್ಲಾದರೂ ಸಿಗುತ್ತದೆಯೇ?

ಬೀಗದಕೈ (ಬೆಂಗಳೂರು)

ಆ ಜಾಗವನ್ನು ಖಾಲಿ ಬಿಟ್ಟು ಜೋಡಿಸಬೇಡಿ. ನನ್ನ ಡಬ್ಬಿಯಲ್ಲಿ ಅಂಥವು ಹತ್ತಾರು ಇವೆ. ನಿರ್ವಾಹಕರ ಮೂಲಕ ವಿಳಾಸ ಕಳುಹಿಸಿ, ಸ್ಪ್ರಿಂಗ್ ಸಮೇತ ಎರಡು ಪ್ಲೇಟ್‌ಗಳನ್ನು ಅಂಚೆಗೆ ಹಾಕುತ್ತೇನೆ.